ಹಬ್ಬದ ಮಾತ್ರೆ

ಚಾಮರಾಜಪೇಟೆಯ ಆ ಹಳೆಯ ಹೆಂಚಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅಲಮೇಲಮ್ಮ. ತಣ್ಣೀರು ಸ್ನಾನ ಮಾಡಿ, ಮಡಿಸೀರೆ ಉಟ್ಟು, ಕಾಫಿ ಫಿಲ್ಟರಿಗೆ ಬಿಸಿನೀರು ಹೊಯ್ದು ತುಳಸಿಗೆ ಸುತ್ತು ಬರುವ ಹೊತ್ತಿಗೆ ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳುತ್ತಿತ್ತು. ಮಗ ವಾದಿರಾಜ ಬ್ಯಾಂಕಿನ ಗುಮಾಸ್ತ. ಮಗಳು ಇಂಚರಾ ಒಂಬತ್ತನೇ ಕ್ಲಾಸು. ಅವಳ ಜಡೆ, ಟೇಪು, ಜಗಳ ಮುಗಿಯುವಷ್ಟರಲ್ಲಿ ಸ್ಕೂಲಿನ ಬೆಲ್ಲು ಹೊಡೆದಿರುತ್ತಿತ್ತು. ಸೊಸೆ ಸುಪ್ರಜಾ ಮಾತ್ರ ಮಧ್ಯಾಹ್ನದ ತರಗತಿಗೆ ಹೋಗುವವಳು. ಸಾರ್ವಜನಿಕ ನೀತಿ ಎಂಬ ಹೊಸ ವಿಷಯದಲ್ಲಿ ಎಂ.ಎ. ಓದುತ್ತಿದ್ದಳು.

"ಪಬ್ಲಿಕ್ ಪಾಲಿಸಿನಾ? ಎಲ್ಲೈಸಿಗೆ ಸೇರ್ಕೊಂಡ್ಯೇನೇ?" ಎಂದು ಎದುರುಮನೆ ಗಿರಿಜಾಂಬಾ ಕೇಳಿದಾಗ ಉತ್ತರ ಕೊಟ್ಟವರು ಅತ್ತೆಯೇ.

"ಅಲ್ರೀ, ಸರ್ಕಾರ ಹೇಗೆ ನಡೀಬೇಕು ಅಂತ ಓದ್ತಾಳಂತೆ. ಓದ್ಲಿ ಬಿಡಿ. ಮನೆ ಹೇಗೆ ನಡೀಬೇಕು ಅಂತ ಹೇಳ್ಕೊಡೋಕೆ ನಾನಿದೀನಲ್ಲ."

ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಎಚ್ಚರಿಕೆಯೂ ಇತ್ತು.

ಸುಪ್ರಜಾ ಅಜ್ಜಿಯ ತೊಡೆಯ ಮೇಲೆ ಕಥೆ ಕೇಳುತ್ತ ಬೆಳೆದವಳು. ಕಥೆಯಲ್ಲಿ ರಾಜ ಡಂಗುರ ಹೊಡೆಸಿದನೆಂದರೆ ಇವಳದ್ದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಡಂಗುರ ಹೊಡೆಸೋಕೆ ಮುಂಚೆ ಊರಿನೋರನ್ನ ಯಾಕೆ ಕೇಳ್ಲಿಲ್ಲ ಅಜ್ಜಿ?" ಅಜ್ಜಿ ನಕ್ಕು, "ಕೇಳಿದ್ರೆ ಕಥೆ ಎಲ್ಲಿ ನಡೆಯುತ್ತೆ ಮುದ್ದು?" ಎನ್ನುತ್ತಿದ್ದರು. ಆ ಪ್ರಶ್ನೆಯೇ ಬೆಳೆದು ದೊಡ್ಡದಾಗಿ ಅವಳನ್ನು ಈ ಓದಿಗೆ ತಂದಿತ್ತು. ಅವಳ ಅಧ್ಯಾಪಕಿ ರುದ್ರಾಣಿ ಮೇಡಂ ಮೊದಲ ದಿನ ಹೇಳಿದ ಮಾತೂ ಅದೇ ಆಗಿತ್ತು: "ಒಂದು ನಿಯಮ ಕಂಡ್ರೆ ಮೊದಲು ಕೇಳಿ, ಇದನ್ನ ಮಾಡಿದೋರು ಯಾರು, ಇದರ ಭಾರ ಹೊರೋರು ಯಾರು ಅಂತ."

ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಕೋಣೆಯಿತ್ತು. ಮುರಿದ ತೊಟ್ಟಿಲು, ತುಕ್ಕು ಹಿಡಿದ ಟ್ರಂಕು, ಯಾರೂ ಬೇಡವೆಂದ ಕುರ್ಚಿ. ತಿಂಗಳಿಗೆ ಮೂರು ದಿನ ಆ ಸಾಮಾನುಗಳ ಜೊತೆ ಸುಪ್ರಜಾಳೂ ಒಂದು ಸಾಮಾನು. ಚಾಪೆ ಬೇರೆ, ತಟ್ಟೆ ಬೇರೆ. ಅತ್ತೆ ಕಾಫಿಯನ್ನು ಮೇಲಿನಿಂದ ಲೋಟಕ್ಕೆ ಹೊಯ್ದು ಹೋಗುತ್ತಿದ್ದರು. ಪುಸ್ತಕ ಸರಸ್ವತಿ, ಮುಟ್ಟುವಂತಿಲ್ಲ. ಆದ್ದರಿಂದ ಕಾಲೇಜೂ ಇಲ್ಲ. ಒಳಗಿನಿಂದ ಒಗ್ಗರಣೆಯ ಚಟಪಟ, ಇಂಚರಾಳ ನಗು, ಗಂಡನ ಕೆಮ್ಮು ಎಲ್ಲವೂ ಕೇಳುತ್ತಿತ್ತು. ತುಂಬಿದ ಮನೆಯ ಸದ್ದನ್ನು ಗೋಡೆಯಾಚೆ ಕೂತು ಕೇಳುವ ಒಂಟಿತನ ಕಾಡಿನಲ್ಲಿರುವವರಿಗೂ ಇರಲಾರದು. ಯಾರಾದರೂ ಬಂದು ಸುಮ್ಮನೆ ಭುಜ ಮುಟ್ಟಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಶ್ರಾವಣ ಬಂದಾಗ ಅತ್ತೆಯೇ ಅದಕ್ಕೆ ದಾರಿ ತೋರಿದರು.

"ನೋಡು, ವರಮಹಾಲಕ್ಷ್ಮಿಗೆ ಸರಿಯಾಗಿ ನಿನ್ನ ದಿನ ಬರುತ್ತೆ. ಮನೆ ಸೊಸೆ ಹೊರಗೆ ಕೂತ್ರೆ ಕಳಶ ಇಡೋರು ಯಾರು? ಮೂಲೆ ಮೆಡಿಕಲ್ ಸ್ಟೋರ್ ಶೀನಣ್ಣನ್ನ ಕೇಳು, ಹಬ್ಬದ ಮಾತ್ರೆ ಅಂದ್ರೆ ಸಾಕು, ಕೊಡ್ತಾನೆ."

ನಿಜ, ಆ ಬೀದಿಯಲ್ಲಿ ಅದಕ್ಕೆ ಅದೇ ಹೆಸರು. ಮುಟ್ಟನ್ನು ಮುಂದೂಡುವ ಮಾತ್ರೆ. ಶೀನಣ್ಣ ಚೀಟಿ ಕೇಳಲಿಲ್ಲ, ಮುಖ ನೋಡಲಿಲ್ಲ. ಪೇಪರಿನಲ್ಲಿ ಸುತ್ತಿ, "ಗೌರಿ ಹಬ್ಬಕ್ಕೂ ಬೇಕಾಗುತ್ತೇನಮ್ಮ, ಈಗಲೇ ಕೊಟ್ಬಿಡ್ಲಾ?" ಎಂದ.

ಮೊದಲ ಸಲ ಸುಪ್ರಜಾಳಿಗೆ ಅದು ವರವೆನಿಸಿತು. ಹಿತ್ತಲ ಕೋಣೆಯಿಲ್ಲ, ಕಾಲೇಜು ತಪ್ಪಲಿಲ್ಲ. ಆದರೆ ಗೌರಿ ಗಣೇಶ ಆಯಿತು, ನವರಾತ್ರಿ ಬಂತು, ದೀಪಾವಳಿ ಬಂತು, ನಡುವೆ ಯಾರದೋ ಗೃಹಪ್ರವೇಶ, ಯಾರದೋ ಮುಂಜಿ. ಪ್ರತಿ ಸಲವೂ ಮಾತ್ರೆ. ತಲೆ ಸಿಡಿಯತೊಡಗಿತು. ನಿಲ್ಲಿಸಿದಾಗೆಲ್ಲ ತಡೆದಿಟ್ಟದ್ದು ಕಟ್ಟೆಯೊಡೆದಂತೆ ಹರಿಯುತ್ತಿತ್ತು. ಅತ್ತೆಗೆ ಹೇಳಿದರೆ ಬಂದ ಉತ್ತರ ಇದು:

"ನಮ್ಮ ಕಾಲದಲ್ಲಿ ಇಂಥ ಮಾತ್ರೆ ಇತ್ತೇನೇ? ಬಾಣಂತನ ಮುಗಿಸ್ಕೊಂಡು ಎದ್ದವಳು ಮತ್ತೆ ಅದೇ ಕೋಣೇಲಿ ಚಳೀಲಿ ನಡುಗ್ತಾ ಕೂತಿದ್ದೆ. ನಿಮಗೆ ಒಂದು ಗುಟುಕು ನೀರಲ್ಲಿ ಮುಗಿಯುತ್ತೆ. ಪುಣ್ಯ ಮಾಡಿದೀರಿ."

ಓದುವ ತಾಯಂದಿರೇ, ಅಲಮೇಲಮ್ಮ ಕೆಟ್ಟವರಲ್ಲ. ಸೊಸೆಗೆ ಕೆಮ್ಮು ಬಂದರೆ ರಾತ್ರಿಯೆದ್ದು ಮೆಣಸಿನ ಕಷಾಯ ಕಾಸುವ ಜೀವ. ಅದೇ ಕೈ ಮಾತ್ರೆಯನ್ನೂ ಕೊಡುತ್ತಿತ್ತು. ನಮ್ಮ ನಿಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಪ್ರೀತಿಯಿಂದ ಕೊಟ್ಟದ್ದೆಂದು ನಾವು ಅದೆಷ್ಟನ್ನು ಪ್ರಶ್ನಿಸದೆ ನುಂಗಿದ್ದೇವೆ!

ಬಳೇಪೇಟೆಯ ಸಗಟು ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವ ಹೆಂಗಸರಿಗೆ ಒಂದು ಶೌಚಾಲಯವೂ ಇಲ್ಲವೆಂಬುದು ಸುಪ್ರಜಾ ಆರಿಸಿಕೊಂಡ ಅಧ್ಯಯನ. ಅದನ್ನು ತರಗತಿಯಲ್ಲಿ ಮಂಡಿಸುವ ದಿನ ಅವಳು ಚೆನ್ನಾಗಿಯೇ ಮಾತಾಡಿದಳು. "ಬೀದಿಯ ಯೋಜನೆ ಹಾಕಿದವರು ಈ ಹೆಂಗಸರ ದೇಹವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ" ಎಂದಾಗ ರುದ್ರಾಣಿ ಮೇಡಂ ತಲೆಯಾಡಿಸಿದರು. ಹೇಳುತ್ತಿದ್ದಂತೆಯೇ ಅವಳ ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯುತ್ತಿತ್ತು. ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಹೊರಬಿದ್ದಳು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಬೇಕು. ಸಾವಿರ ಜನ ಓಡಾಡುವ ಆ ನಿಲ್ದಾಣದಲ್ಲಿ, ಒಬ್ಬರ ಪರಿಚಯವೂ ಇಲ್ಲದೆ, ಕಂಬಕ್ಕೆ ಒರಗಿ ನಿಂತವಳು ಹಾಗೆಯೇ ಕುಸಿದಳು.

"ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ" ಎಂದರು, ಯಾರೋ ಕರೆತಂದು ಸೇರಿಸಿದ ಆಸ್ಪತ್ರೆಯ ಲೇಡಿ ಡಾಕ್ಟರು. "ಯಾರು ಹೇಳಿದ್ದು ಇದನ್ನ ಹೀಗೆ ತಿಂಗಳು ತಿಂಗಳು ನುಂಗೋಕೆ? ಇನ್ಮೇಲೆ ನನ್ನ ಕೇಳ್ದೆ ಮುಟ್ಟಬೇಡ."

ಮನೆಯಲ್ಲಿ ತಪ್ಪು ಹೊತ್ತದ್ದು ಮಾತ್ರೆಯಲ್ಲ, ಓದು.

"ಬಸ್ಸಲ್ಲಿ ಅಲೆದೂ ಅಲೆದೂ ಹೀಗಾಗಿದೆ" ಎಂದರು ಅತ್ತೆ.

ವಾದಿರಾಜ ಚಪ್ಪಲಿ ನೋಡುತ್ತ ಹೇಳಿದ: "ಒಂದು ವರ್ಷ ಬಿಟ್ಬಿಡು ಸುಪ್ರಜಾ. ಡಿಗ್ರಿ ಎಲ್ಲೂ ಓಡಿಹೋಗಲ್ಲ."

"ಓದು ನಿಲ್ಸಿದ್ರೆ ಮೈಗೆ ರಕ್ತ ಬರುತ್ತಾ ರೀ? ನಾನು ನಿಲ್ಸಲ್ಲ. ಮಾತ್ರೆ ನಿಲ್ಸಿದೀನಿ."

ಅಂದಿನಿಂದ ಅವಳಿಗೆ ಮತ್ತೆ ಹಿತ್ತಲ ಕೋಣೆಯೇ ಗತಿಯಾಯಿತು. ಗೋಡೆಗೆ ಮುಖ ಮಾಡಿ ಮಲಗಿ, ತನಗೆ ತಾನೇ ಅಜ್ಜಿಯ ಕಥೆಗಳನ್ನು ಹೇಳಿಕೊಂಡಳು. ಹೂಂಗುಟ್ಟುವವರಿಲ್ಲದೆ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು.

ಮಾಘದಲ್ಲಿ ಮಾವನವರ ಶ್ರಾದ್ಧ. ಆ ಬೆಳಗ್ಗೆಯೇ ಸುಪ್ರಜಾ ಹೊರಗಾದಳು. ಒಳಗೆ ಅತ್ತೆಯೊಬ್ಬರೇ ಒಲೆಯ ಮುಂದೆ, ಎತ್ತಿಕೊಡಲು ಇಂಚರಾ. ಸ್ವಲ್ಪ ಹೊತ್ತಿನ ಮೇಲೆ ಮಡಿ ಲಂಗ ಉಟ್ಟ ಆ ಹುಡುಗಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಮುಖ ಬಿಳಿಚಿತ್ತು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಮುಷ್ಟಿ ಬಿಗಿದಿತ್ತು.

"ಅತ್ತಿಗೆ, ಇದನ್ನ ನುಂಗಿದ್ಮೇಲೆ ನಿಮಗೂ ವಾಂತಿ ಬರೋ ಹಾಗಾಗ್ತಿತ್ತಾ? ಮೊನ್ನೆಯಿಂದ ತಲೆ ಎತ್ತೋಕಾಗ್ತಿಲ್ಲ."

ಸುಪ್ರಜಾ ಎದ್ದು ಕೂತಳು. "ಯಾವುದನ್ನ?"

ಹುಡುಗಿ ಮುಷ್ಟಿ ಬಿಡಿಸಿದಳು. "ನೀವು ಹೊರಗಾದ್ರೆ ಮನೇಲಿ ನಾನೊಬ್ಳೇ ಅಲ್ವಾ, ಅದಕ್ಕೇ ಅಮ್ಮ ಕೊಟ್ಟಿದಾರೆ."

ಹದಿನಾಲ್ಕು ವರ್ಷದ ಅಂಗೈ. ಅದರ ಮಧ್ಯದಲ್ಲಿ ಆ ಪುಟ್ಟ ಬಿಳಿ ಗುಳಿಗೆ. ಸುಪ್ರಜಾ ಹೊಸ್ತಿಲು ದಾಟಿದಳು. "ಅತ್ತಿಗೆ, ಮುಟ್ಬೇಡಿ, ಮಡಿ!" ಎಂದು ಹುಡುಗಿ ಹಿಂದೆ ಸರಿಯುವಷ್ಟರಲ್ಲಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಒಗೆಯುವ ಕಲ್ಲಿನ ಕೆಳಗಿನ ಬಚ್ಚಲ ನೀರಿಗೆ ಮಾತ್ರೆ ಬಿತ್ತು. ಆ ಕೋಣೆಯಿಂದ ಯಾರನ್ನಾದರೂ ಮುಟ್ಟಿದ್ದು ಅವಳಿಗೆ ಅದೇ ಮೊದಲು. ಕೈ ಬಿಡದೆ ಅಡುಗೆಮನೆಯ ಬಾಗಿಲವರೆಗೆ ನಡೆದಳು.

"ಅತ್ತೆ, ಇಂಚರಾನ ಮುಟ್ಟಿದೀನಿ."

ಅಲಮೇಲಮ್ಮನವರ ಸೌಟು ಗಾಳಿಯಲ್ಲೇ ನಿಂತಿತು. "ಇವತ್ತು? ನಿನ್ನ ಮಾವನ ದಿನ? ಪುರೋಹಿತರು ಬರೋ ಹೊತ್ತು! ನಿನಗೆ ನನ್ನ ಮೇಲೆ ಯಾವ ಸೇಡೇ?"

"ಸೇಡಲ್ಲ. ಬೇರೆ ಹೇಗೆ ಹೇಳಿದ್ರೂ ನೀವು ನಿಲ್ಲಿಸ್ತಿರ್ಲಿಲ್ಲ. ನಾನು ಮೆಜೆಸ್ಟಿಕ್ಕಲ್ಲಿ ಬಿದ್ದಿದ್ದು ನಿಮಗೆ ಗೊತ್ತು. ಅದೇ ಮಾತ್ರೇನ ಈ ಮಗೂಗೆ ಹೇಗೆ ಕೊಟ್ರಿ ಅತ್ತೆ?"

"ಶಾಸ್ತ್ರ ಮಾಡಿದ್ದು ನಾನಾ?"

"ಅಲ್ಲ. ನಿಮ್ಮನ್ನೂ ಯಾರೂ ಕೇಳಿರ್ಲಿಲ್ಲ. ಮಾಡಿದೋರು ಒಂದಿನಾನೂ ಆ ಕೋಣೇಲಿ ಕೂತಿಲ್ಲ. ಕೂತೋಳು ನೀವು, ನಾನು, ಈಗ ಇವಳು."

"ಹಾಗಾದ್ರೆ ಇಷ್ಟೊಂದು ಅಡುಗೆ ನಾನೊಬ್ಳೇ ಹೇಗೆ ಮಾಡ್ಲಿ? ನಿನ್ನ ಸರ್ಕಾರ ಬಂದು ಮಾಡುತ್ತಾ?"

ನಡುಮನೆಯಲ್ಲಿ ಒದ್ದೆ ಪಂಚೆಯುಟ್ಟು ನಿಂತಿದ್ದ ವಾದಿರಾಜನ ಕಡೆ ಸುಪ್ರಜಾ ತಿರುಗಿದಳು. "ಮಡೀಲಿ ನಿಮ್ಮ ಮಗ ಇದಾರಲ್ಲ. ಅವರಪ್ಪನ ಶ್ರಾದ್ಧ. ಅವರಿಗೂ ಕೈ ಇದೆ."

ವಾದಿರಾಜ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ತಂಗಿಯ ಬಿಳಿಚಿದ ಮುಖವನ್ನು ನೋಡಿದ. ಆಮೇಲೆ ಒಳಗೆ ಹೋಗಿ ಒರಳಿನ ಮುಂದೆ ಕೂತು ಉದ್ದು ರುಬ್ಬಲು ತೊಡಗಿದ. ಅದು ಅರ್ಧ ತರಿತರಿಯಾಗಿ ಉಳಿಯಿತು. ಪುರೋಹಿತರು ವಡೆಯನ್ನು ಮಾತಿಲ್ಲದೆ ತಿಂದರು.

ಆ ದಿನ ಸುಪ್ರಜಾಳನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಮರುದಿನವೂ ಅತ್ತೆ ಅವಳೊಡನೆ ಮಾತಾಡಲಿಲ್ಲ. ಅವಳು ಹಿತ್ತಲ ಕೋಣೆ ಬಿಟ್ಟು ತನ್ನ ಕೋಣೆಯಲ್ಲಿ, ತನ್ನ ಪುಸ್ತಕಗಳ ಜೊತೆ ಇದ್ದಳು. ಇಷ್ಟು ಹತ್ತಿರವಿದ್ದೂ ಆ ಮನೆ ಅವಳಿಗೆ ಎಂದೂ ಇಷ್ಟು ದೂರವೆನಿಸಿರಲಿಲ್ಲ. ಬೇಡವೆಂದು ಹೇಳಿದವರಿಗೆ ಮೊದಲು ಸಿಗುವುದು ಮೌನವೇ.

ಇನ್ನೆರಡು ದಿನಕ್ಕೆ ಇಂಚರಾ ಬೆಳಗ್ಗೆ ಅವಳ ಬಾಗಿಲು ತಟ್ಟಿದಳು. "ಅತ್ತಿಗೆ, ಆಗಿದೆ. ಈಗ ನಾನೇನು ಮಾಡ್ಲಿ? ಹಿತ್ತಲಿಗೆ ಹೋಗ್ಲಾ?"

"ಇವತ್ತು ಏನಿದೆ ಸ್ಕೂಲಲ್ಲಿ?"

"ಗಣಿತದ ಟೆಸ್ಟು."

"ಹಾಗಾದ್ರೆ ಯೂನಿಫಾರ್ಮ್ ಹಾಕ್ಕೋ."

ಇಬ್ಬರೂ ಒಟ್ಟಿಗೆ ನಡುಮನೆಯಲ್ಲಿ ಹಾದು ಮುಂಬಾಗಿಲಿಗೆ ಬಂದರು. ಅಲಮೇಲಮ್ಮ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿಕೊಂಡರು. ತಡೆಯಲಿಲ್ಲ. ಇಂಚರಾ ಗೇಟಿನ ಹತ್ತಿರ ಹೋಗಿದ್ದಾಗ ಹಿಂದಿನಿಂದ ಅವರ ದನಿ ಬಂತು.

"ಡಬ್ಬಿ ಮರೆತ್ಯಲ್ಲೇ, ಮಂಕುದಿಣ್ಣೆ."

ಅವರು ಊಟದ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಹುಡುಗಿ ಅಲ್ಲೇ ನಿಂತು ಅತ್ತಿಗೆಯ ಮುಖ ನೋಡಿದಳು. ಸುಪ್ರಜಾ ಮುಂದೆ ಬರಲಿಲ್ಲ. ಅವಳ ಬದಲು ಡಬ್ಬಿಯನ್ನು ತಾನು ತೆಗೆದುಕೊಡಲೂ ಇಲ್ಲ.

"ಕೈಗೆ ಕೊಡಿ ಅತ್ತೆ" ಎಂದಳು, ಮೆಲ್ಲಗೆ.

ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅಲಮೇಲಮ್ಮ ಕಿಟಕಿಯನ್ನೊಮ್ಮೆ ನೋಡಿದರು, ಮಗಳನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಬಗ್ಗಿ, ಡಬ್ಬಿಯನ್ನು ಎತ್ತಿಕೊಂಡರು.