ನಾಲ್ಕು ಮೀಟರ್ ಅರವತ್ತಾರು

ಕಲ್ಲಿನ ಮೇಲೊಂದು ಗೆರೆ, ನೀರು ಬಹಳ ದಿನ ನಿಂತು ಆಮೇಲೆ ಇಳಿದುಹೋದ ಗುರುತು, ಗೆರೆಯ ಮೇಲೆ ಕಲ್ಲು ಬೂದು, ಕೆಳಗೆ ಕಡುಗಪ್ಪು, ಇನ್ನೂ ಕೆಳಗೆ ಹಸಿರು ಪಾಚಿ, ಪಾಚಿಯ ಮೇಲೊಂದು ಏರೋಪ್ಲೇನ್ ಚಿಟ್ಟೆ ಕೂರುತ್ತದೆ, ಏಳುತ್ತದೆ, ಗೆರೆಯಿಂದ ನೀರಿಗೆ ನಲವತ್ತು ಸೆಂಟಿಮೀಟರ್, ನಲವತ್ತೆರಡೂ ಇರಬಹುದು — ಗುರುಬಸವ ಕಣ್ಣು ಬೇರೆಡೆ ಹೊರಳಿಸಿದ, ಅಳೆಯಬಾರದು, ಇವತ್ತು ಭಾನುವಾರ, ಇವತ್ತು ಮಸ್ಕಿಯ ಹೈಸ್ಕೂಲೂ ಇಲ್ಲ ವಿಜ್ಞಾನದ ಪಾಠವೂ ಇಲ್ಲ, ಹೆಂಡತಿಯ ಜೊತೆ ಊರು ನೋಡಲು ಬಂದವನು ಊರು ನೋಡಬೇಕು, ಮುದಗಲ್ಲಿನ ಕೋಟೆ, ಕೋಟೆಯ ಕಂದಕ, ಕಂದಕದ ನೀರು, ನೀರಿದ್ದಲ್ಲೆಲ್ಲ ಒಂದು ಗೆರೆ ಇದ್ದೇ ಇರುತ್ತದೆ. ರೀ, ಇಲ್ಲಿ ಬರ್ರಿ, ಏನ್ ನೋಡಾಕತ್ತೀರಿ ಆ ಪಾಚೀನ ಎಂದು ಶಿವಕುಮಾರಿ ಕರೆಯುತ್ತಾಳೆ, ಸಿಂಧನೂರಿನ ತವರಿನಿಂದ ಬಂದ ಹೊಸ ಚಪ್ಪಲಿ ಕಚ್ಚುತ್ತಿದೆ, ಆದರೂ ಅವಳೇ ಮುಂದೆ, ಈ ತಿರುಗಾಟಕ್ಕೆ ಹೆಸರು ಬರೆಸಿದವಳೂ ಅವಳೇ, ಮುಂಜಾನೆ ಕೋಟೆಯೊಳಗಿನ ಊರು, ಮಧ್ಯಾಹ್ನ ಹೊಳೆಯಲ್ಲಿ ಹರಿಗೋಲು, ಒಂದು ದಿನದಾಗ ಎರಡೂ ಆಗ್ತಾವ, ನಿಮಗ ನೀರಂದ್ರ ಅಂಜಿಕಿ, ಅದೂ ಹೋಗ್ತೈತಿ ಅಂದಿದ್ದಳು, ಅಂಜಿಕೆ ಎಂಬ ಆ ಮಾತನ್ನು ಅವನು ಹನ್ನೊಂದು ವರ್ಷದಿಂದ ತಿದ್ದಿಲ್ಲ, ಮದುವೆಯಾದ ಮೊದಲ ಶ್ರಾವಣದಲ್ಲಿ ಹೊಳೆಗೆ ಹೋಗೋಣವೆಂದಾಗ ಬೇಡ ಎಂದ, ಅವಳು ಅಂಜಿಕೆ ಎಂದು ಹೆಸರಿಟ್ಟಳು, ಅವನು ಆ ಹೆಸರಿನ ಹಿಂದೆ ಕುಳಿತುಬಿಟ್ಟ. ಯಾವ ಘಾಟು ಎಂದು ಕೇಳಬೇಕಿತ್ತು, ಕೃಷ್ಣೆಗೆ ಘಾಟುಗಳು ಬೇಕಾದಷ್ಟಿವೆ, ಎಲ್ಲ ಘಾಟಿನಲ್ಲೂ ಹೊಳೆಯ ಮಟ್ಟ ಅಳೆಯುವ ಕಪ್ಪು ಬಿಳಿ ಪಟ್ಟಿ ನೆಟ್ಟಿರುವುದಿಲ್ಲ.

ಮಕ್ತುಮ್‌ಸಾಬ್ ಕೋಲೂರುತ್ತ ದರವಾಜದ ಒಳಗೆ ನಡೆಸುತ್ತಾನೆ, ಅರವತ್ತೈದರ ಮನುಷ್ಯ, ಊರು ತೋರಿಸುವುದೇ ಕೆಲಸ, ನೇರ ಇಲ್ಲ ನೋಡ್ರಿ ಈ ದಾರಿ, ಡೊಂಕು ಇಟ್ಟಾರ, ಆನಿ ಓಡಿ ಬಂದು ಬಾಗಲಕ್ಕ ಗುದ್ದಬಾರದು ಅಂತ, ಆನಿ ಹೋದವು, ಈಗ ಟಂಟಂ ಗಾಡಿ ಗುದ್ದತಾವ, ಶಿವಕುಮಾರಿ ನಗುತ್ತಾಳೆ, ಬಾಗಿಲ ನೆರಳಲ್ಲಿ ತಂಪು, ಬಾವಲಿಯ ವಾಸನೆ, ಆಚೆ ಬಿಸಿಲು, ಬಿಸಿಲಲ್ಲಿ ಒಣಹಾಕಿದ ಮೆಣಸಿನಕಾಯಿ, ಹೊಲಿಗೆ ಯಂತ್ರದ ಸದ್ದು, ಕೋಟೆಯ ಕಲ್ಲಿಗೇ ಆನಿಸಿ ಕಟ್ಟಿದ ಮನೆಗಳು, ಒಟ್ಟು ಎಷ್ಟು ಬುರುಜು ಅಜ್ಜಾರ ಎಂದು ಅವಳು ಕೇಳುತ್ತಾಳೆ, ಮುದುಕ ನಿಲ್ಲುತ್ತಾನೆ, ಪುಸ್ತಕದಾಗ ಒಂದು ಬರದಾರ, ಬೋರ್ಡಿನ್ಯಾಗ ಒಂದು ಬರದಾರ, ನಾ ಎರಡೂ ಹೇಳಂಗಿಲ್ಲ ತಂಗಿ, ನಾ ನಡದು ಎಣಿಸಿದ್ದು ಅಷ್ಟs ಹೇಳ್ತೀನಿ, ಉತ್ತರದ ಕಡಿ ಮುಳ್ಳು ಬೆಳದು ನನಗ ಹೋಗಾಕಾಗಿಲ್ಲ, ಅಲ್ಲಿ ಎಷ್ಟದಾವ ಅಂದ್ರ ಗೊತ್ತಿಲ್ಲ ಅಂತೀನಿ. ಗೊತ್ತಿಲ್ಲ ಅಂತೀನಿ. ಎಷ್ಟು ಸುಲಭವಾಗಿ ಅಂದ, ಎಲೆ ಅಡಿಕೆ ಉಗುಳಿದ ಹಾಗೆ, ಓದಿದವನಲ್ಲ, ಬಿ.ಎಸ್ಸಿ. ಮಾಡಿದವನಲ್ಲ, ಕಾಣದಿದ್ದುದನ್ನು ಕಾಣಲಿಲ್ಲ ಎನ್ನುವುದಕ್ಕೆ ಪದವಿ ಬೇಕಿಲ್ಲ, ಆದರೆ ಕಾಣದಿದ್ದುದನ್ನು ಚೆನ್ನಾಗಿ ಬರೆಯುವುದಕ್ಕೆ ಬೇಕು, ಹಿಂದಿನ ನಾಲ್ಕು ಅಳತೆಗಳ ಮೇಲೆ ಒಂದು ಸರಳ ರೇಖೆ ಎಳೆದು ಮುಂದಿನ ಮೂರನ್ನು ಕಂಡುಹಿಡಿಯುವುದಕ್ಕೆ ಬೇಕು, ಮೇಷ್ಟ್ರಾಗುವ ಮೊದಲು, ಹೊಳೆಯ ಪಟ್ಟಿ ಓದುವ ಕೆಲಸದಲ್ಲಿದ್ದಾಗ, ಗಂಟೆಗೆ ಎರಡು ಸೆಂಟಿಮೀಟರ್, ಮುಂಜಾನೆ ಆರಕ್ಕೆ ನಾಲ್ಕು ಮೀಟರ್ ಅರವತ್ತು, ಅದನ್ನು ನೋಡಿದ್ದ, ಮಳೆಯಲ್ಲಿ ಕೊಡೆ ಹಿಡಿದು ಮೆಟ್ಟಿಲಿಳಿದು ನೋಡಿದ್ದ, ಏಳಕ್ಕೆ ಅರವತ್ತೆರಡು, ಎಂಟಕ್ಕೆ ಅರವತ್ತನಾಲ್ಕು, ಒಂಬತ್ತಕ್ಕೆ ಅರವತ್ತಾರು, ಅವನ್ನು ನೋಡಿರಲಿಲ್ಲ, ಆರೂಕಾಲಿಗೇ ರಿಜಿಸ್ಟರಿನಲ್ಲಿ ಬರೆದಿಟ್ಟು ಲಿಂಗಸುಗೂರಿನ ಬಸ್ಸು ಹಿಡಿದಿದ್ದ, ಬಿ.ಎಡ್. ಅರ್ಜಿಗೆ ಅದೇ ಕೊನೆಯ ದಿನ. ಮಹಾಲಕ್ಷ್ಮಿ, ಹೋದ ತಿಂಗಳು, ಒಂಬತ್ತನೇ ತರಗತಿಯ ಕೂಸು, ಬಿಸಿನೀರಿನ ತಾಪಮಾನ ನೋಡದೇ ಬರೆದು ತಂದಿದ್ದಳು, ಅವನು ಆ ಹಾಳೆಯನ್ನು ಎಲ್ಲರ ಮುಂದೆ ಹರಿದ, ಸರ, ನಿಮಗ ಹ್ಯಾಂಗ ಗೊತ್ತಾತ್ರಿ ಎಂದಳು ಅಳುತ್ತ, ಪ್ರತಿ ಸಲಾನೂ ಬರೋಬ್ಬರಿ ಎರಡೆರಡ ಡಿಗ್ರಿ ಇಳದೈತಲ್ಲವ್ವ, ಖರೆ ಅಳತಿ ಇಷ್ಟು ಚಂದ ಇರಂಗಿಲ್ಲ ಎಂದ, ಕೈಯಲ್ಲಿ ಹರಿದ ಹಾಳೆಯ ಎರಡು ತುಂಡು.

ಟೆಂಪೋದಲ್ಲಿ ಡೀಸೆಲ್ ವಾಸನೆ, ಲಿಂಗಸುಗೂರು ದಾಟಿತು, ಬಸ್‌ಸ್ಟ್ಯಾಂಡಿನ ಮುಂದೆ ಅವನು ಬೇರೆ ಕಡೆ ನೋಡಿದ, ಅಲ್ಲೇ, ಆ ಮೂಲೆಯಲ್ಲಿ, ಆಗ ಹೋಟೆಲಿತ್ತು, ಅವತ್ತು ಚಹದ ಲೋಟ ಇಟ್ಟು ಫೋನೆತ್ತಿದ್ದ, ಒಂಬತ್ತು ಗಂಟೆ, ಹೊಳೆಯ ಮಟ್ಟ ಬರೆದುಕೊಳ್ಳುವ ಆಫೀಸಿನಿಂದ ಯಂಕೋಬ, ಏನಪಾ ಗುರುಬಸವ, ಹೊಳಿ ಎಷ್ಟೈತಿ, ನಾಲ್ಕು ಮೀಟರ್ ಅರವತ್ತಾರು ರೀ, ಹಿಂದ ಏನಲೇ ಗದ್ದಲ, ಸಂತಿ ರೀ, ಊರಾಗ ಸಂತಿ ಐತಿ, ಹೌದಾ, ಐದಕ್ಕ ಬಂದ್ರ ಹೇಳು, ಡಂಗುರ ಹೊಡಸಿ ತೆಪ್ಪ ಬಿಡಸೂನು, ಹೂನ್ರಿ. ಬಸ್ಸಿನ ಹಾರ್ನು, ಕಡಲೆಕಾಯಿ ಮಾರುವವನ ಕೂಗು, ಸಂತೆ. ಐದು ಮೀಟರ್ ಎಂಬುದು ಗೆರೆ, ಐದಾದರೆ ಡಂಗುರ, ಐದಾದರೆ ನಡುಗಡ್ಡೆಯ ಮೇಲಿನವರನ್ನು ಕರೆತರಲು ತೆಪ್ಪ, ಐದಾಗದಿದ್ದರೆ ಏನೂ ಇಲ್ಲ, ನಿಯಮ ಒಳ್ಳೆಯದೇ, ಒಬ್ಬ ಮನುಷ್ಯ ಮೆಟ್ಟಿಲಿಳಿದು ಕಣ್ಣಿಂದ ನೋಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತ ನಿಯಮ. ಟೆಂಪೋ ಎಡಕ್ಕೆ ಹೊರಳಿತು, ತೊಗರಿ ಹೊಲ, ಜಾಲಿ, ಕೈಮರ, ಎಡಕ್ಕೆ ಬೇಡ, ಈ ಎಡಕ್ಕೆ ಬೇಡ, ಹಸಿರು ಬಣ್ಣದ ಗುಡಿ, ಆಗ ಹಸಿರು ಇರಲಿಲ್ಲ, ಹದಿಮೂರು ವರ್ಷ. ಇಳೀರಿ ಸರ, ಘಾಟ್ ಬಂತು ಎಂದ ಮಕ್ತುಮ್‌ಸಾಬ್.

ಮೊದಲು ಕಾಣಿಸಿದ್ದು ಹೊಳೆಯಲ್ಲ, ಪಟ್ಟಿ. ನೀರಿನಲ್ಲಿ ನೆಟ್ಟ ಕಲ್ಲಿನ ಕಂಬ, ಕಂಬಕ್ಕೆ ಬಡಿದ ತಗಡು, ಕಪ್ಪು, ಬಿಳಿ, ಕಪ್ಪು, ಮೀಟರಿನ ಅಂಕಿಗಳು ಕೆಂಪು, ಹೊಸದಾಗಿ ಬಳಿದಿದ್ದಾರೆ, ಈಗ ಯಾರು ಓದುತ್ತಾರೋ, ಈಗ ಎಲ್ಲ ಯಂತ್ರವಂತೆ, ತಾನೇ ಅಳೆದು ತಾನೇ ಕಳಿಸುತ್ತದಂತೆ. ನಮ್ಮ ತೆಪ್ಪದಾಕಿ ಗ್ಯಾನಮ್ಮ ಅಂತ, ಹುಶಾರ್ ಹೆಣ್ಣಮಗಳು ಎನ್ನುತ್ತಾನೆ ಮಕ್ತುಮ್‌ಸಾಬ್, ಗುರುಬಸವನಿಗೆ ಹೆಸರು ಕಿವಿಯಿಂದಲ್ಲ, ಕಾಗದದಿಂದ ಕೇಳಿಸುತ್ತದೆ, ವಿಚಾರಣೆಯ ಕಾಗದ, ಮೃತ ಮಾಳಿಂಗಪ್ಪ, ಕುರಿಗಾರ, ವಯಸ್ಸು ಮೂವತ್ತನಾಲ್ಕು, ಹೆಂಡತಿ ಗ್ಯಾನಮ್ಮ, ವಿಚಾರಣೆಯ ದಿನ ಅವಳು ಆಫೀಸಿನ ಹೊರಗೆ ಸೆರಗು ಮುಚ್ಚಿ ಕೂತಿದ್ದಳು, ಮುಖ ಕಂಡಿರಲಿಲ್ಲ, ಒಳಗೆ ಅವನನ್ನು ಒಂದೇ ಪ್ರಶ್ನೆ ಕೇಳಿದ್ದರು, ಒಂಬತ್ತಕ್ಕೆ ಎಷ್ಟಿತ್ತು, ಅವನು ರಿಜಿಸ್ಟರ್ ತೆರೆದು ತೋರಿಸಿದ, ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, ಅಕ್ಷರ ಚಂದ ಅದಾವಲ್ಲ ನಿನ್ನವು ಎಂದರು, ಅಷ್ಟೇ, ವಿಚಾರಣೆ ಮುಗಿಯಿತು. ಈಗ ಮುಖ ಕಾಣುತ್ತಿದೆ, ಬಿಸಿಲಿಗೆ ಸುಟ್ಟ ಗಟ್ಟಿ ಮುಖ, ಹಣೆಯಲ್ಲಿ ಭಂಡಾರದ ಹಳದಿ, ಸೀರೆಯ ಮೇಲೆ ಗಂಡಸರ ಅಂಗಿ, ಕಿತ್ತಳೆ ಜಾಕೀಟು ಎಸೆಯುತ್ತಾಳೆ, ಹಾಕ್ಕೋರಿ ಸರ, ಹೊಟ್ಟಿ ಮ್ಯಾಲ ಬಿಗೀರಿ, ಸಡ್ಲ ಬಿಟ್ರ ನೀವೊಂದು ಕಡಿ ಜಾಕೀಟೊಂದು ಕಡಿ, ಶಿವಕುಮಾರಿ ಮತ್ತೆ ನಗುತ್ತಾಳೆ. ಅಕ್ಕಾ, ಇವರಿಗೆ ನೀರಂದ್ರ ಅಂಜಿಕಿ ಎನ್ನುತ್ತಾಳೆ. ಅಂಜಬೇಕವ್ವ, ನೀರಿಗೆ ಅಂಜಬೇಕು ಎಂದು ಗ್ಯಾನಮ್ಮ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ಆಮೇಲೆ ಪಟ್ಟಿಯ ಕಡೆ ಕೈ ತೋರಿಸುತ್ತಾಳೆ, ಸರ, ನೀವು ಓದಿದಾರು, ಎಷ್ಟೈತಿ ನೋಡಿ ಹೇಳ್ರಿ, ನನಗ ಅಂಕಿ ತಿಳಿಯಂಗಿಲ್ಲ, ಯಾರ ಬಂದ್ರೂ ಕೇಳಿನs ತೆಪ್ಪ ಬಿಡ್ತೀನಿ.

ಎಷ್ಟೈತಿ. ಅಲೆ ಏರುತ್ತದೆ, ಇಳಿಯುತ್ತದೆ, ಏರಿದ್ದನ್ನೂ ಇಳಿದದ್ದನ್ನೂ ನೋಡಿ ನಡುವಿನದನ್ನು ಹಿಡಿಯಬೇಕು, ಅವನು ಬಾಗಿದ, ಎರಡರ ಅಂಕಿ ಮುಳುಗಿದೆ, ಅದರ ಮೇಲೆ ಹತ್ತು ಸೆಂಟಿಮೀಟರಿನ ಮೂರು ಮನೆಯೂ ಮುಳುಗಿವೆ, ಮೂವತ್ತಾರು, ನಲವತ್ತು, ಮೂವತ್ತಾರು, ನಲವತ್ತು, ಎಷ್ಟು ಹೊತ್ತು ನೋಡಿದನೋ, ರೀ ಸಾಕು ಎಂದಳು ಹೆಂಡತಿ, ಎರಡು ಮೀಟರ್ ಮೂವತ್ತೆಂಟು ಎಂದ. ಬರೋಬ್ಬರಿ ಎಂದಳು ಗ್ಯಾನಮ್ಮ, ಅವಳಿಗೆ ಅದೊಂದು ಮಂತ್ರ, ಹುಟ್ಟು ಹಾಕಿದಳು, ಹರಿಗೋಲು ದಂಡೆ ಬಿಟ್ಟಿತು, ಡಾಂಬರಿನ ವಾಸನೆ, ಅಡಿಯಲ್ಲಿ ನೀರು ಉಸಿರಾಡುತ್ತದೆ, ಬಂಡೆಗಳ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿದೆ, ದೂರದಲ್ಲಿ, ತಿರುವಿನ ಆಚೆ, ಹಸಿರು ತಲೆ ಎತ್ತಿದ ಗಡ್ಡೆ, ಶಿವಕುಮಾರಿ ಫೋಟೋ ತೆಗೆಯುತ್ತಾಳೆ, ಅವನು ನೋಡುವುದಿಲ್ಲ, ನೋಡುತ್ತಾನೆ. ನಿನ್ನ ಕಥಿ ಹೇಳವ್ವ ಎಂದ ಮಕ್ತುಮ್‌ಸಾಬ್, ಅವನಿಗೆ ಇದೂ ತಿರುಗಾಟದ ಒಂದು ನಿಲ್ದಾಣ, ಅವಳು ಎಷ್ಟೋ ಸಲ ಹೇಳಿ ಸವೆದ ದನಿಯಲ್ಲಿ ಶುರುಮಾಡಿದಳು, ಆ ಗಡ್ಡಿ ಮ್ಯಾಲ ನನ್ನ ಗಂಡ ಕುರಿ ಬಿಟ್ಟುಕೊಂಡು ಇದ್ದ ನೋಡ್ರಿ, ಹೊಳಿ ಬರೂ ದಿನ, ಒಂಬತ್ತರ ಸುಮಾರಿಗೆ ಫೋನ್ ಹಚ್ಚಿದ, ಗ್ಯಾನಿ, ನೀರು ಎದಿಮಟ್ಟ ಬಂದೈತಿ, ದಾಟಾಕ ಬರಂಗಿಲ್ಲ, ತೆಪ್ಪ ಕಳಸು ಅಂದ, ನಾ ಓಡಿಹೋಗಿ ಪಂಚಾಯ್ತಿಯಾಗ ಕೇಳಿದೆ, ಅವರು ಆಫೀಸಿಗೆ ಫೋನ್ ಮಾಡಿದ್ರು, ನಾಲ್ಕು ಅರವತ್ತಾರು ಐತಿ, ಐದು ಸೈತ ಆಗಿಲ್ಲ, ನಿನ್ನ ಗಂಡ ಕುರಿ ಸಾಗಸಾಕ ಪುಕ್ಕಟೆ ತೆಪ್ಪ ಕೇಳಾಕತ್ತಾನ ಅಂದು ನಕ್ಕರು, ನನಗೂ ಸಿಟ್ಟು ಬಂತು, ಫೋನಿನ್ಯಾಗ ಬೈದೆ, ಸುಳ್ಳ ಹೇಳಬ್ಯಾಡಲೇ ಮೂಳಾ, ಕುರಿ ಬಿಟ್ಟು ನಡಕೊಂತ ಬಾ ಅಂದೆ, ಸುಳ್ಳಲ್ಲ ಬೇ ಅಂದ, ಫೋನ್ ಇಟ್ಟ, ಅಷ್ಟs, ಹನ್ನೊಂದಕ್ಕ ಡಂಗುರ ಹೊಡದ್ರು, ಆಗ ಯಾವ ತೆಪ್ಪ ಹೋಗ್ತಾವ್ರಿ. ಹುಟ್ಟು ಏಳುತ್ತದೆ, ಬೀಳುತ್ತದೆ. ಅಯ್ಯ ಶಿವನ ಎಂದಳು ಶಿವಕುಮಾರಿ, ಅಳತಿನs ತಪ್ಪಿತ್ತೇನೋ ಅಕ್ಕ. ಗ್ಯಾನಮ್ಮ ಅವಳನ್ನು ಕೂಸನ್ನು ನೋಡುವಂತೆ ನೋಡಿದಳು, ಸರ್ಕಾರದ ಪಟ್ಟಿ ಯಾಕ ಸುಳ್ಳ ಹೇಳ್ತೈತವ್ವ, ಬುಕ್ಕಿನ್ಯಾಗ ಬರದಾರ, ಸಾಹೇಬ್ರು ಓದಿ ತೋರಿಸ್ಯಾರ, ಕುರಿ ಮ್ಯಾಲಿನ ಆಸೆಗೆ ಸುಳ್ಳ ಹೇಳಿದ, ಹೊಟ್ಟಿ ಉರಿಯೂದು ಅದಕ್ಕs ನೋಡು, ಹೆಣದ ಮುಂದ ಕುಂತು ಅಳಾಕ ನನಗ ಬರಲಿಲ್ಲ, ಸಿಟ್ಟು ಬಂತು, ಇನ್ನೂ ಐತಿ, ಸಾಯೂ ಹೊತ್ತಿನ್ಯಾಗೂ ಸುಳ್ಳ ಹೇಳಿ ಹೋದ ಮನುಷ್ಯ.

ಹೇಳದಿದ್ದರೆ ಏನೂ ಆಗುವುದಿಲ್ಲ, ಹರಿಗೋಲು ದಂಡೆಗೆ ಹೊರಳಿದೆ, ಪಟ್ಟಿ ಮತ್ತೆ ಹತ್ತಿರ ಬರುತ್ತಿದೆ, ಇಪ್ಪತ್ತು ಮಾರು, ಹದಿನೈದು, ಇಳಿದು ಜಾಕೀಟು ಬಿಚ್ಚಿ ಕೊಟ್ಟು ಟೆಂಪೋ ಹತ್ತಿದರೆ ಸಂಜೆಗೆ ಮಸ್ಕಿ, ನಾಳೆ ಮೊದಲ ಪಿರಿಯಡ್ಡು, ಮಹಾಲಕ್ಷ್ಮಿ ಎರಡನೇ ಬೆಂಚು, ಹದಿಮೂರು ವರ್ಷ ತಾನು ಹೆದರಿದ್ದು ಸಾವಿಗೆ, ತನ್ನಿಂದ ಒಬ್ಬ ಸತ್ತ ಎಂಬುದಕ್ಕೆ, ಅದರ ಲೆಕ್ಕವನ್ನೂ ಹಾಕಿಕೊಂಡಿದ್ದ, ತೆಪ್ಪ ಹೋಗಿದ್ದರೂ ಉಳಿಯುತ್ತಿದ್ದನೋ ಇಲ್ಲವೋ, ಮಳೆ, ಗಾಳಿ, ಮೇಲಿನ ಅಣೆಕಟ್ಟೆಯ ನೀರು, ಸಂಭವನೀಯತೆ, ಆದರೆ ಈ ಇನ್ನೊಂದು ಗೊತ್ತಿರಲಿಲ್ಲ, ಸತ್ತವನು ಸುಳ್ಳುಗಾರನಾಗಿ ಸತ್ತ ಎಂಬುದು, ದಿನವೂ, ಹೊಸ ಹೊಸ ಜನರ ಮುಂದೆ, ಹೆಂಡತಿಯ ಬಾಯಲ್ಲೇ, ಎದೆಮಟ್ಟ ಅಂದಿದ್ದ, ಅವನೇ ನಿಂತಿದ್ದ, ಅವನ ಎದೆಯೇ ಅಳತೆ, ಆ ಮುಂಜಾನೆ ಇಡೀ ಹೊಳೆಯಲ್ಲಿ ನೀರನ್ನು ಖರೆ ಓದಿದವನು ಅವನೊಬ್ಬನೇ, ಹತ್ತೂವರೆಗೆ ತಾನು ಬಸ್ಸಿಳಿದು ಓಡಿ ಬಂದಾಗ ಐದರ ಅಂಕಿ ಇರಲೇ ಇಲ್ಲ, ಆರರ ಅಂಕಿಯ ಕುತ್ತಿಗೆಗೆ ಕೆಂಪು ನೀರು, ಆಗಲೂ ರೇಖೆ ಒಮ್ಮೆಲೇ ಮುರಿದಂತೆ ಕಾಣಬಾರದೆಂದು ಹತ್ತು ಗಂಟೆಯ ಸಾಲಿನಲ್ಲಿ ಐದು ಮೀಟರ್ ಹತ್ತು ಎಂದು ಬರೆದ, ಚಂದದ ಅಕ್ಷರದಲ್ಲಿ. ಸಂತಿ ರೀ. ಗೊತ್ತಿಲ್ಲ ಅಂತೀನಿ. ಖರೆ ಅಳತಿ ಇಷ್ಟು ಚಂದ ಇರಂಗಿಲ್ಲ.

ಗ್ಯಾನಮ್ಮ, ಎಂದ. ಹೆಂಡತಿ ತಿರುಗಿದಳು. ಅವತ್ತು ಒಂಬತ್ತಕ್ಕ ನಾ ಇಲ್ಲಿ ಇದ್ದಿಲ್ಲವ್ವ, ಪಟ್ಟಿ ಓದಾಂವ ನಾನs, ನೋಡಿದ್ದಿಲ್ಲ, ಲಿಂಗಸುಗೂರಾಗ ನಿಂತು ಬಾಯಿಗೆ ಬಂದದ್ದು ಹೇಳಿದೆ, ನಿನ್ನ ಗಂಡ ಸುಳ್ಳ ಹೇಳಿಲ್ಲ, ನೀರು ಎದಿಮಟ್ಟ ಇತ್ತು, ಅಂವ ಖರೆ ಹೇಳಿದ್ದ. ಹುಟ್ಟು ನೀರಿನಿಂದ ಮೇಲೆದ್ದದ್ದು ಅಲ್ಲೇ ನಿಂತಿತು, ಅದರ ತುದಿಯಿಂದ ಹನಿ, ಇನ್ನೊಂದು ಹನಿ, ಮಕ್ತುಮ್‌ಸಾಬನ ಕೈ ತನ್ನ ಗಡ್ಡದ ಮೇಲೆ, ಶಿವಕುಮಾರಿಯ ರೀ ಎಂಬ ಒಂದೇ ಮಾತು, ಅದೂ ಅರ್ಧ, ಹುಟ್ಟು ಹಾಕದಿದ್ದರೆ ಹರಿಗೋಲು ಮುಂದೆ ಹೋಗುವುದಿಲ್ಲ, ಹಿಂದೆಯೂ ಹೋಗುವುದಿಲ್ಲ, ತನ್ನಷ್ಟಕ್ಕೆ ತಿರುಗುತ್ತದೆ, ತಿರುಗಿತು, ಮೆಲ್ಲಗೆ, ದಂಡೆ ಹೋಯಿತು, ಹಸಿರು ಗುಡಿ ಹೋಯಿತು, ಗ್ಯಾನಮ್ಮನ ಮುಖ ಅಲ್ಲೇ ಇದೆ, ಅದರತ್ತ ನೋಡಲಾರ, ಅದರಾಚೆ ಪಟ್ಟಿ ಬಂತು, ಕಪ್ಪು, ಬಿಳಿ, ಕಪ್ಪು, ಹೋಯಿತು, ಹೊಳೆ, ಬಂಡೆ, ರೆಕ್ಕೆ ಬಿಚ್ಚಿದ ಹಕ್ಕಿ, ಗಡ್ಡೆ, ದಂಡೆ, ಏನಂದಿ ಎಂದಳೇ, ಅನ್ನಲಿಲ್ಲವೇ, ತುಟಿ ಆಡಿತು, ಎದಿಮಟ್ಟ ಎಂದಳು, ಅವನಿಗಲ್ಲ, ಪಟ್ಟಿ ಬಂತು, ಕಪ್ಪು, ಬಿಳಿ, ಹೋಯಿತು, ಹೊಳೆ, ಗಡ್ಡೆ, ದಂಡೆ, ಪಟ್ಟಿ, ಕಪ್ಪು, ಬಿಳಿ, ಕಪ್ಪು, ಅದರ ಬುಡದಲ್ಲಿ ನೀರು ಏರುತ್ತದೆ, ಇಳಿಯುತ್ತದೆ, ಪಟ್ಟಿ —