ಮಾಸ್ಟರ ಮಗಳು ಹಿಡಿದರೆ

ನನ್ನ ತಮ್ಮನಿಗೆ ಜಿಯು ಜಿತ್ಸು ಬರಲ್ಲ ಅಂತ ನಾನು ಹೇಳಲ್ಲ. ಬರುತ್ತೆ, ಚೆನ್ನಾಗೇ ಬರುತ್ತೆ. ಬುದ್ಧಿ ಬರಲ್ಲ, ಅಷ್ಟೇ. ಟೈರ್ ಅಂಗಡಿ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಕಲಿಸ್ತಾನೆ. ಮ್ಯಾಟ್ ಒರೆಸೋದು, ಹೊಸಬರನ್ನ ಸೇರಿಸ್ಕೊಳ್ಳೋದು, ಬೆವರಿನ ನಾತ ಹೋಗಲಿ ಅಂತ ಕಿಟಕಿ ತೆಗೆಯೋದು, ಎಲ್ಲ ನಾನು. ಬೋರ್ಡಿನ ಮೇಲಿನ ಫೋಟೋದಲ್ಲಿ ಮಾತ್ರ ಅವನು ಕೈ ಕಟ್ಟಿಕೊಂಡು ನಿಂತಿದ್ದಾನೆ.

ಈ ವಿದ್ಯೆಯಲ್ಲಿ ಹೊಡೆದಾಟ ಇಲ್ಲ. ಹಿಡೀಬೇಕು, ಮಡಚಬೇಕು. ಸಿಕ್ಕಿಬಿದ್ದವರು ಸೋತೆ ಅಂತ ಅಂಗೈಯಲ್ಲಿ ತಟ್ಟಬೇಕು, ತಟ್ಟಿದ ಕೂಡಲೇ ಹಿಡಿದವರು ಬಿಡಬೇಕು. ಮೊದಲ ದಿನವೇ ಹೇಳಿಕೊಡೋ ಪಾಠ ಇದು. ನಮ್ಮಲ್ಲಿ ಇನ್ನೊಂದು ಪಾಠ ಇತ್ತು. ಅದನ್ನ ಚಪ್ಪಲಿ ಬಿಡೋ ಮೂಲೆಯಲ್ಲಿ ಅಪ್ಪ ಅಮ್ಮಂದಿರೇ ಕಿವಿಯಲ್ಲಿ ಊದೋರು: ಮಾಸ್ಟರ ಮಗಳು ಹಿಡಿದ್ರೆ ಬೇಗ ತಟ್ಟಿಬಿಡು.

ಯಾಕಂತೀರಾ? ಹಿಂದೊಮ್ಮೆ ಒಂದು ಹುಡುಗಿ ತಮ್ಮನ ಈ ಮಗಳನ್ನ ಅಲ್ಲಾಡೋಕೂ ಬಿಡದೆ ಅದುಮಿ ಹಿಡಿದಿದ್ದಳು. ಮುಂದಿನ ಪರೀಕ್ಷೆಯಲ್ಲಿ ಎಲ್ಲರ ಬೆಲ್ಟಿಗೂ ಪಾಸಾದ ಗುರುತಿನ ಪಟ್ಟಿ ಬಿತ್ತು, ಆ ಹುಡುಗಿಯ ಬೆಲ್ಟು ಬೋಳಾಗೇ ಉಳೀತು. ಅಷ್ಟು ಸಾಕಾಯ್ತು. ಆಮೇಲೆ ಯಾವ ಮಗುವೂ ಆ ತಪ್ಪು ಮಾಡಲಿಲ್ಲ. ದೊಡ್ಡ ದೊಡ್ಡ ಕೆಲಸದಲ್ಲಿರೋ ಜನ, ಮನೆಯಲ್ಲಿ ಮಕ್ಕಳಿಗೆ ಧೈರ್ಯದ ಬಗ್ಗೆ ಭಾಷಣ ಬಿಗಿಯೋರು, ಒಂದು ಬಟ್ಟೆ ಪಟ್ಟಿಗಾಗಿ ಹಲ್ಲು ಗಿಂಜಿದರು. ಥೂ.

ಪಾಪ, ನಮ್ಮ ಹುಡುಗಿಗೆ ಇದ್ಯಾವುದೂ ಗೊತ್ತಿಲ್ಲ. ಮೊಣಕಾಲಿನ ಚರ್ಮ ಸುಲಿಯೋ ಹಾಗೆ ಅಭ್ಯಾಸ ಮಾಡೋಳು. ಬೇರೆ ಶಾಲೆಗಳ ಮಕ್ಕಳೂ ಬರೋ ಪಂದ್ಯದಲ್ಲಿ ಗೆಲ್ಲಬೇಕು ಅನ್ನೋದೊಂದೇ ಅವಳ ಧ್ಯಾನ. ನಾನು ತಮ್ಮನಿಗೆ ಬೈದೆ, ಮಗಳ ಕಿವಿ ಮೇಲೆ ಹೂವಿಡ್ತಿದ್ದೀಯ ಕಣೋ ಅಂತ. ಅವಳಿಗೆ ಆತ್ಮವಿಶ್ವಾಸ ಬೆಳೀಲಿ ಅಂತ ಅಕ್ಕ, ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಮಗು ಹೆಗ್ಗಣ ಅಲ್ಲ, ನಿಜಕ್ಕೂ ಚುರುಕು. ಅದೇ ನನ್ನ ಹೊಟ್ಟೆ ಉರಿಸೋದು.

ಪಂದ್ಯದ ದಿನ ಶುರುವಿನಲ್ಲೇ ಎದುರಾಳಿಯ ತೋಳು ಇವಳ ಮೊಣಕಾಲುಗಳ ಮಧ್ಯೆ ಸಿಕ್ಕಿತು. ಹಿಡಿತ ಅಂದ್ರೆ ಹಿಡಿತ. ಇನ್ನು ಸೊಂಟ ಎತ್ತಿ ಆ ತೋಳನ್ನ ಹಿಂದಕ್ಕೆ ಬಗ್ಗಿಸಿದ್ರೆ ಮುಗೀತು. ಎತ್ತಲಿಲ್ಲ. ಹಿಡಿದು ಸುಮ್ಮನೆ ಕಾಯ್ತಾ ಮಲಗಿದಳು. ಆ ಹುಡುಗಿ ಸಾವಕಾಶವಾಗಿ ತೋಳು ಎಳ್ಕೊಂಡು ಇವಳ ಮೇಲೆ ಹತ್ತಿ ಕೂತು, ಕಾಲರ್ ಹಿಡಿದು ಕುತ್ತಿಗೆ ಅಮುಕಿದಳು. ಮುಖ ಕೆಂಪೇರಿದರೂ ಇವಳು ತಟ್ಟಲಿಲ್ಲ. ಜನ್ಮದಲ್ಲಿ ಯಾವತ್ತಾದ್ರೂ ತಟ್ಟಿದ್ರೆ ತಾನೇ? ಕೊನೆಗೆ ರೆಫರಿ ಬಂದು ಬಿಡಿಸಿದ.

ವಾಪಸ್ ಬರುವಾಗ ತಮ್ಮ ದಾರಿಯುದ್ದಕ್ಕೂ ರೆಫರಿಯನ್ನ ಬೈದ, ಮ್ಯಾಟ್ ಜಾರ್ತಿತ್ತು ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಂದಿನ ಸೀಟಿನಲ್ಲಿ ಹುಡುಗಿ ನನ್ನ ಕಡೆ ತಿರುಗಿದಳು.

"ಅತ್ತೆ, ಅವಳ್ಯಾಕೆ ತಟ್ಟಲಿಲ್ಲ?"

"ನೀನು ಸೊಂಟ ಎತ್ತಲೇ ಇಲ್ವಲ್ಲೇ. ನೋವಾದ್ರೆ ತಾನೇ ತಟ್ಟೋದು?"

"ನಮ್ಮಲ್ಲಿ ಎತ್ತೋ ಮುಂಚೆನೇ ತಟ್ತಾರೆ."

ತಮ್ಮ ರೇಡಿಯೋ ಜೋರು ಮಾಡಿದ. ಅವಳು ದಡ್ಡಿಯಲ್ಲ.

ಮುಂದಿನ ತರಗತಿಯಲ್ಲಿ ಅವಳು ಜೊತೆಯವರಿಗೆಲ್ಲ ಹೇಳಿದಳು, ನಿಜವಾಗಿ ನೋವಾಗೋವರೆಗೂ ತಟ್ಟಬೇಡಿ ಅಂತ. ಹೂಂ ಅಂದರು. ಆದ್ರೆ ಇವಳ ಕೈ ಸೋಕಿದ ಕೂಡಲೇ ಒಬ್ಬೊಬ್ಬರಾಗಿ ತಟ್ಟಿದರು. ಬೆಂಚಿನ ಮೇಲೆ ಕೂತಿದ್ದ ಅಪ್ಪ ಅಮ್ಮಂದಿರು ಶಭಾಷ್ ಅಂದರು. ನಾಚಿಕೆ ಅನ್ನೋದನ್ನ ಈ ಜನ ಚಪ್ಪಲಿ ಜೊತೆ ಹೊರಗೇ ಬಿಟ್ಟು ಬರ್ತಾರೆ.

ಮೂಲೆಯಲ್ಲಿ ಹೊಸದಾಗಿ ಸೇರಿದ ಗುಂಡುಗುಂಡಗಿನ ಹುಡುಗಿಯೊಬ್ಬಳು ಬೆಲ್ಟಿನ ಗಂಟಿನ ಜೊತೆ ಗುದ್ದಾಡ್ತಿದ್ದಳು. ಅವಳಮ್ಮ ಮೆಟ್ಟಿಲ ಹತ್ತಿರ ಬಿಟ್ಟು ಕೆಲಸಕ್ಕೆ ಓಡೋಳು, ಚಪ್ಪಲಿ ಮೂಲೆಯ ಪಾಠ ಆ ಮಗುವಿಗೆ ಯಾರೂ ಹೇಳಿರಲಿಲ್ಲ. ನಮ್ಮ ಹುಡುಗಿ ನೆಟ್ಟಗೆ ಹೋಗಿ ಅವಳನ್ನೇ ಕರೆದಳು. ಹೊಸಬಳಿಗೆ ಬರೋದೊಂದೇ ಪಟ್ಟು, ಎದೆ ಮೇಲೆ ಭಾರ ಹಾಕಿ ಮಲಗೋದು. ಅದನ್ನೇ ಮಾಡಿದಳು. ಇವಳು ಹೊರಳಿದಳು, ಒದ್ದಾಡಿದಳು, ಆಗಲಿಲ್ಲ. ಬೆಂಚಿನ ಜನ ಎದ್ದು ನಿಂತರು. ತಮ್ಮ ಆ ಕಡೆಯಿಂದ ಓಡಿ ಬಂದ.

"ಏಯ್, ಇಳಿಯೇ ಕೆಳಗೆ. ಅವಳು ಯಾರು ಗೊತ್ತಾ ನಿಂಗೆ?"

ಅಷ್ಟರಲ್ಲಿ ನಮ್ಮ ಹುಡುಗಿಯ ಕೈ ಮೇಲೆದ್ದು, ಜಾಗ ತಡಕಾಡಿ, ಆ ಗುಂಡಮ್ಮನ ಬೆನ್ನಿನ ಮೇಲೆ ತಟ್ಟಿತು. ಹೊಸಬಳು ಕಲಿಸಿದ ಹಾಗೇ ಥಟ್ಟನೆ ಬಿಟ್ಟು ಎದ್ದಳು. ಇವಳು ಏದುಸಿರು ಬಿಡ್ತಾ ಎದ್ದು ಕೂತು ಅಪ್ಪನಿಗೆ ಕೈ ಅಡ್ಡ ಹಿಡಿದಳು.

"ಅಪ್ಪ, ನಾನು ಯಾರ ಮಗಳು ಅಂತ ಇವಳಿಗೆ ಹೇಳ್ಬೇಡಿ. ಇವಳೊಬ್ಬಳೇ ಉಳಿದಿರೋದು."