ಗೂಬೆಯ ನಂಬರು

ಬಾಗಿಲ ಗಾಜಿನಾಚೆ ಮ್ಯಾನೇಜರನ ಬೋಳುತಲೆ ಮತ್ತೆ ಹಾದುಹೋಯಿತು, ಚಂದ್ರನೇ ಕಾರಿಡಾರಿನಲ್ಲಿ ವಾಕಿಂಗ್ ಹೊರಟ ಹಾಗೆ, ಇವತ್ತಿಗೆ ಸಾವಿರನೇ ಸಲ ಇರಬೇಕು, ಇಲ್ಲಾ ನಾಲ್ಕನೇ ಸಲ, ನನಗೆ ಎರಡೂ ಒಂದೇ — ಒಳಗೆ ಬರುವುದಿಲ್ಲ, ಆಡುವುದನ್ನೆಲ್ಲ ಬೆಳಿಗ್ಗೆಯೇ ಆಡಿ ಮುಗಿಸಿದ್ದಾನೆ, ನೋಡಪ್ಪಾ, ಸಂಜೆಯೊಳಗೆ ಸರಿಹೋಗಲಿಲ್ಲ ಅಂದ್ರೆ ನೇಮ್ ಸರ್ವರನ್ನ ಹೊರಗಿನವರ ಕೈಗೆ ಕೊಟ್ಬಿಡ್ತೀನಿ, ಅವರಿಗೆ ಇದೆಲ್ಲ ಚಿಟಿಕೆ ಹೊಡೆದಷ್ಟೇ. ಚಿಟಿಕೆಯಂತೆ ಚಿಟಿಕೆ! ಈ ಸರ್ವರಿನ ಹೊಕ್ಕುಳಬಳ್ಳಿ ಕತ್ತರಿಸಿದವನು ನಾನು, ನಾನು ಸೀನಿದರೆ ಈ ಕಟ್ಟಡದ ಅರ್ಧ ಕಂಪ್ಯೂಟರುಗಳು ತಾವಾಗಿ ರಿಸ್ಟಾರ್ಟ್ ಆಗುತ್ತವೆ, ಒಮ್ಮೆ ನಿದ್ದೆಗಣ್ಣಲ್ಲಿ, ಎಡಗೈಯಲ್ಲಿ, ಇಡೀ ಕಂಪನಿಯ ಇಮೇಲನ್ನು ಎಬ್ಬಿಸಿ ನಿಲ್ಲಿಸಿದವನು — ಯಾರಿಗೆ ಹೇಳುತ್ತಿದ್ದೇನೆ, ಈ ತಣ್ಣನೆಯ ಕೋಣೆಯಲ್ಲಿ ಕೇಳುವುದಕ್ಕೆ ಇರುವುದು ಫ್ಯಾನುಗಳು, ಅವು ಎಲ್ಲದಕ್ಕೂ ಹೂಂ ಅನ್ನುತ್ತವೆ. ಸರಿ, ಕೆಲಸ ನೋಡು. ನೇಮ್ ಸರ್ವರ್ ಅಂದರೆ ಊರಿನ ಶಾನುಭೋಗನಿದ್ದ ಹಾಗೆ, ಹೆಸರು ಹೇಳಿದರೆ ಯಂತ್ರದ ನಂಬರು ಕೊಡುತ್ತದೆ, ನಂಬರು ಹೇಳಿದರೆ ಹೆಸರು ಕೊಡುತ್ತದೆ, ಹೆಸರಿನಿಂದ ನಂಬರು ಹುಡುಕುವುದು ಯಾವ ಕತ್ತೆಗಾದರೂ ಬರುತ್ತದೆ, ನಂಬರಿನಿಂದ ಹೆಸರಿಗೆ ಬರುವ ಈ ಹಿಮ್ಮುಖ ಹುಡುಕಾಟವಿದೆಯಲ್ಲ, ಅದಕ್ಕೆ ಬೇರೆಯೇ ಫೈಲು, ಬೇರೆಯೇ ತಲೆ, ಅಂಥ ತಲೆ ಭೂಮಂಡಲದಲ್ಲಿ ಎರಡೇ, ಒಂದು ನನ್ನದು. ಇನ್ನೊಂದು — ಬೇಡ. ತೊಂದರೆ ಇಷ್ಟೆ, ನಕ್ಷೆ ವಿಭಾಗಕ್ಕೆ ಹೊಸದಾಗಿ ಬಂದ ಎತ್ತರದ ಹೆಂಗಸು, ನಕ್ಷೆಗಳಿರುವ ಸರ್ವರ್ ಅವಳೊಬ್ಬಳನ್ನು ಒಳಕ್ಕೆ ಬಿಡುತ್ತಿಲ್ಲ, ಸರ್, ಬಾಗಿಲಲ್ಲೇ ನಿಲ್ಲಿಸ್ತಿದೆ ಸರ್, ನಾನೇನು ಕಳ್ಳೀನಾ? ಅಯ್ಯೋ ತಾಯಿ, ಕಣ್ಣು ಮಿಟುಕಿಸೋದ್ರೊಳಗೆ ಮಾಡ್ಕೊಡ್ತೀನಿ ಅಂದೆ, ಅದಾಗಿ ಮೂರು ದಿನ, ಇನ್ನೂ ಕಣ್ಣು ಮಿಟುಕಿಸಿಲ್ಲ ಅಂತ ಕಾಣುತ್ತದೆ.

ನಮ್ಮಲ್ಲಿ ಯಂತ್ರಕ್ಕೆ ಅದರ ಮುಂದೆ ಕೂರುವವರ ಅಡ್ಡಹೆಸರೇ ಹೆಸರು, ಮ್ಯಾನೇಜರನದು ಹುಣ್ಣಿಮೆ, ಅವನಿಗೆ ಅರ್ಥವಾಗಿಲ್ಲ, ಎಷ್ಟು ಕಾವ್ಯಮಯವಾಗಿದೆ ಅಂತ ಹಲ್ಲು ಕಿರಿದಿದ್ದ, ನನ್ನದು ಹುಲಿ, ನಾನೇ ಇಟ್ಟುಕೊಂಡದ್ದು, ಎತ್ತರದವಳದು ಜಿರಾಫೆ. ಜಿರಾಫೆಯ ನಂಬರು ಕೇಳಿದೆ, ಸರಿಯಾಗಿಯೇ ಹೇಳಿತು. ಈಗ ಹಿಂದಿನಿಂದ ಬರೋಣ — ಅದೇ ನಂಬರು ಕೊಟ್ಟು, ಇದು ಯಾರಪ್ಪಾ ಅಂತ ಎಂಟರ್ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂತು, ಗೂಬೆ.

ಗೂಬೆ. ನನಗೊಬ್ಬಳಿಗೆ ನೀವ್ಯಾರೂ ಹೆಸರಿಡೋದು ಬೇಡ, ನಾನೇ ಇಟ್ಕೋತೀನಿ, ನಾಳೆ ಏನು ಕೆಟ್ರೂ ನನ್ನ ಮೇಲೇ ಕೂರಿಸ್ತೀರಲ್ಲ, ಗೂಬೆ ಅಂತ್ಲೇ ಇರ್ಲಿ — ಎದುರಿನ ಮೇಜಿನಿಂದ ಹೇಳಿದ್ದಳು, ಇದೇ ಕೋಣೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದವಳು, ಕಾಲುಚೀಲ ಹಾಕಿದ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಈ ಕೋಣೆಯ ಚಳಿಗೆ ಸದಾ ಎರಡು ಸ್ವೆಟರು. ನಾನು ಸುಳ್ಳಿನ ಗೋಪುರ ಕಟ್ಟುವಾಗ ತಲೆ ಎತ್ತದೆ ಹೇಳುತ್ತಿದ್ದಳು, ಹತ್ತರಿಂದ ಭಾಗಿಸಿದೆ, ಮುಂದುವರಿಸೋ ಹುಲಿರಾಯ. ಅವಳು ಬೇರೆ ಕಂಪನಿಗೆ ಹೋದ ದಿನ, ಫೋನ್ ಮಾಡ್ತೀಯೇನೋ? ದಿನಕ್ಕೆ ಸಾವಿರ ಸಲ ಮಾಡ್ತೀನಿ. ಭಾಗಿಸಿದ್ರೂ ನೂರಾಯ್ತಲ್ಲೋ, ಕೆಲಸ ಯಾವಾಗ ಮಾಡ್ಲಿ ನಾನು? ನಕ್ಕಳು. ಇಬ್ಬರೂ ನಕ್ಕೆವು. ಆಮೇಲೆ ಅವಳ ಯಂತ್ರವನ್ನು ನಂಬರಿನ ಸಮೇತ ನಕ್ಷೆಯವರಿಗೆ ಕೊಟ್ಟೆ, ಮೊದಲ ಫೈಲಿನಲ್ಲಿ ಗೂಬೆ ಅಳಿಸಿ ಜಿರಾಫೆ ಬರೆದೆ, ಎರಡನೆಯ ಫೈಲು, ಹಿಮ್ಮುಖ ಹುಡುಕಾಟದ್ದು, ಮರೆತೇಬಿಟ್ಟೆ, ಮಹಾಪಂಡಿತ! ಅದಕ್ಕೇ ನಕ್ಷೆ ಸರ್ವರಿನ ಬಾಗಿಲ ಕಾವಲಿಗೆ ಗುಮಾನಿ — ನಂಬರು ಕೊಟ್ಟು ಕೇಳಿದರೆ ನೇಮ್ ಸರ್ವರ್ ಗೂಬೆ ಅನ್ನುತ್ತದೆ, ಗೂಬೆ ಎಲ್ಲಿ ಅಂದರೆ ಅಂಥವರು ಯಾರೂ ಇಲ್ಲ ಅನ್ನುತ್ತದೆ, ಎರಡು ನಾಲಿಗೆ, ನಡಿ ಆಚೆ. ಆ ನಂಬರಿಗೆ ಸುಮ್ಮನೆ ಒಂದು ಕೂಗು ಹಾಕಿದೆ, ಪಿಂಗ್ ಅನ್ನುತ್ತೇವೆ ನಾವು, ತಕ್ಷಣ ಓಗೊಟ್ಟಿತು, ಗೊತ್ತು, ಓಗೊಟ್ಟಿದ್ದು ಜಿರಾಫೆಯ ಯಂತ್ರ, ಆದರೂ ಮೇಲಿನ ಸಾಲಿನಲ್ಲಿ ಗೂಬೆ, ಕೆಳಗಿನ ಸಾಲಿನಲ್ಲಿ ಇದ್ದೇನೆ, ಇದ್ದೇನೆ, ಇದ್ದೇನೆ.

ಆ ಫೈಲಿನಲ್ಲಿ ಗೂಬೆಯ ಸಾಲು ಅಳಿಸಿ ಜಿರಾಫೆ ಬರೆದರೆ ಮುಗಿಯಿತು. ಬೆರಳು ಅಳಿಸುವ ಕೀಲಿಯ ಮೇಲಿದೆ, ಒತ್ತು, ಒತ್ತೋ ಹುಲಿ — ಈ ಕಟ್ಟಡದಲ್ಲಿ ಅವಳ ಹೆಸರು ಹೇಳುವ ಇನ್ನೊಂದು ಬಾಯಿ ಇಲ್ಲ, ಮೇಜು ಬರಿದು, ಡ್ರಾಯರಿನಲ್ಲಿ ಒಂದು ಪಿನ್ನೂ ಇಲ್ಲ. ಆಗ ನನ್ನ ತಲೆಗೆ ಹೊಳೆಯಿತು, ಮೂರು ಲೋಕದಲ್ಲೂ ಯಾರಿಗೂ ಹೊಳೆಯದ್ದು: ಅಳಿಸುವುದೇಕೆ, ಜಿರಾಫೆಗೇ ಹೊಸ ನಂಬರು ಕೊಟ್ಟರಾಯಿತು! ಗೂಬೆ ತನ್ನ ನಂಬರಿನಲ್ಲಿ ತಾನಿರಲಿ. ಕೊಟ್ಟೆ, ಎರಡೂ ಫೈಲಿನಲ್ಲಿ ಬರೆದೆ, ಈ ಸಲ ಎರಡರಲ್ಲೂ, ನಕ್ಷೆ ವಿಭಾಗದಿಂದ ಫೋನು, ಬಿಡ್ತು ಸರ್, ಒಳಗೆ ಬಿಡ್ತು! ಹುಣ್ಣಿಮೆ ಬಾಗಿಲು ತೆರೆದು ಅರ್ಧ ಮುಖ ಒಳಗಿಟ್ಟ, ಏನಾಗಿತ್ತಪ್ಪಾ? ಸಾರ್, ಹೊರಗಿನವರಾಗಿದ್ರೆ ಒಂದು ವರ್ಷ ತಡಕಾಡ್ತಿದ್ರು, ನಾನಾಗಿದ್ದಕ್ಕೆ — ಸರಿ ಸರಿ, ಸರ್ವರ್ ನಿನ್ನ ಹತ್ರಾನೇ ಇರ್ಲಿ ಬಿಡು, ಅಂತ ಬಾಗಿಲು ಹಾಕಿಕೊಂಡು ಹೋದ, ನನ್ನ ಕಥೆಯನ್ನು ಅರ್ಧಕ್ಕೇ ಬಿಟ್ಟು, ಭಾಗಿಸದೆ.

ಗೆದ್ದೆ. ಸಾಮ್ರಾಜ್ಯ ಉಳಿಯಿತು. ಎಲ್ಲ ಸರಿಯಿದೆಯೇ ನೋಡೋಣ ಅಂತ ಹಳೆಯ ನಂಬರು ಕೇಳಿದೆ, ಗೂಬೆ ಅಂದಿತು, ಭೇಷ್. ಒಂದು ಕೂಗು ಹಾಕಿದೆ. ಪರದೆ ಸುಮ್ಮನಿತ್ತು, ಕಾದೆ, ಉತ್ತರವಿಲ್ಲ — ಇರುವುದು ಹೇಗೆ, ಅಲ್ಲಿದ್ದ ಯಂತ್ರವನ್ನು ನಾನೇ ತಾನೆ ಎಬ್ಬಿಸಿ ಬೇರೆ ನಂಬರಿಗೆ ಕಳಿಸಿದ್ದು, ಈಗ ಆ ನಂಬರಿನಲ್ಲಿ ಹೆಸರೊಂದೇ. ಇನ್ನೊಂದು ಸಲ. ಉತ್ತರವಿಲ್ಲ. ಇದು ಯಾರು ಅಂತ ಕೇಳಿದರೆ ತಡವರಿಸದೆ ಹೇಳುತ್ತದೆ, ಗೂಬೆ, ಕೂಗಿದರೆ, ಉತ್ತರವಿಲ್ಲ, ಯಾರು, ಗೂಬೆ, ಉತ್ತರವಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ, ಗೂಬೆ, ಅದರ ಕೆಳಗೆ —